ನಕುರುವಿನಲ್ಲಿ ನೀವು ಕಂಡದ್ದನ್ನೇ ಬರೆಯಿರಿ

ನಮಸ್ಕಾರ,

ಕೀನ್ಯಾದ ಸಫಾರಿಯಲ್ಲಿ ನೋಡಿದ ಹಕ್ಕಿಗಳ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ, ಫೋಟೋಗಳನ್ನೂ ನಿಧಾನವಾಗಿ ನೋಡಿದೆ. ಈಗಿರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಸುಮ್ನೆ ವಾಪಸ್ ಕಳಿಸಲು ಮನಸ್ಸು ಬರಲಿಲ್ಲ. ಯಾಕೆಂದು ಹೇಳುತ್ತೇನೆ.

ವೀಸಾ, ವಿಮಾನ, ಲೆನ್ಸಿನ ಬೆಲೆ ಇದೆಲ್ಲ ಬೇಡ, ತೆಗೆದುಬಿಡಿ. ಗಾಡಿಯ ಕಿಟಕಿಯ ಮೇಲೆ ಕ್ಯಾಮೆರಾ ಅಲುಗದಂತೆ ಬೀನ್ ಬ್ಯಾಗ್ (ಕಾಳು ತುಂಬಿದ ಚೀಲ) ಇಟ್ಟು, ಇಂಜಿನ್ ಆಫ್ ಮಾಡಿಸಿ ಫೋಟೋ ತೆಗೆದ ಸಾಲು ಮಾತ್ರ ಇರಲಿ. ಹೋಗುವವರಿಗೆ ಅದು ಉಪಯೋಗಕ್ಕೆ ಬರುತ್ತದೆ.

ನನಗೆ ಜಾಸ್ತಿ ಬೇಸರವಾಗಿದ್ದು ನಕುರು ಕೆರೆಯ ಭಾಗ. 'ಲಕ್ಷಾಂತರ ಫ್ಲೆಮಿಂಗೊಗಳಿಂದ ಕೆರೆ ಗುಲಾಬಿಯಾಗಿತ್ತು' ಎಂದು ಬರೆದಿದ್ದೀರಿ. ನಿಮ್ಮದೇ ಫೋಟೋದಲ್ಲಿ ದಡದಲ್ಲಿ ಕೆಲವೇ ಹಕ್ಕಿಗಳಿವೆ. ಅವುಗಳ ಹಿಂದೆ ನೀರಿನ ನಡುವೆ ಸತ್ತು ನಿಂತ ಅಕೇಶಿಯಾ ಮರಗಳಿವೆ, ಕೊಂಬೆಗಳ ಮೇಲೆ ನೀರುಕಾಗೆಗಳು ಕೂತಿವೆ. ನೀವು ಕಂಡದ್ದು ಇದು ತಾನೇ? ಆ ಲಕ್ಷದ ಮಾತು ಎಲ್ಲರೂ ಬರೆಯುವಂಥದ್ದು. 2010ರ ನಂತರ ಈ ಕೆರೆಯ ನೀರು ಏರುತ್ತ ಹೋಯಿತು. ನೀರಿನ ಉಪ್ಪು, ಕ್ಷಾರ ತೆಳುವಾಯಿತು. ಕಿರು ಫ್ಲೆಮಿಂಗೊ ತಿನ್ನುವ ಸ್ಪಿರುಲಿನಾ ಎಂಬ ಸೂಕ್ಷ್ಮ ಪಾಚಿ ಬೆಳೆಯುವುದೇ ಕ್ಷಾರದ ನೀರಿನಲ್ಲಿ. ಆಹಾರ ಕಡಿಮೆಯಾದಾಗ ಹಕ್ಕಿಗಳು ಬೊಗೋರಿಯಾದಂಥ ಬೇರೆ ಕೆರೆಗಳಿಗೆ ಹೋದವು. ಆ ಸತ್ತ ಮರಗಳ ಫೋಟೋ ಈ ಇಡೀ ಕಥೆಯನ್ನು ಹೇಳುತ್ತದೆ. ನೀವು ಅದನ್ನು ಕೊನೆಯಲ್ಲಿ, ಅಡಿಬರಹವೂ ಇಲ್ಲದೆ ಇಟ್ಟಿದ್ದೀರಿ! ಲೇಖನ ಅಲ್ಲಿಂದಲೇ ಶುರುವಾಗಲಿ.

ಮಸಾಯಿ ಮಾರಾದ ಹಕ್ಕಿಗಳ ಉದ್ದ ಪಟ್ಟಿಯನ್ನು ಯಾರೂ ಓದುವುದಿಲ್ಲ. ಎರಡು ಹಕ್ಕಿ ಸಾಕು. ಲೈಲಾಕ್ ಬ್ರೆಸ್ಟೆಡ್ ರೋಲರ್ ನಮ್ಮ ರಾಜ್ಯಪಕ್ಷಿ ನೀಲಕಂಠದ ಹತ್ತಿರದ ಸಂಬಂಧಿ. ನೀವು ಅದರ ಬಣ್ಣ ಹೊಗಳಿ ಮುಂದೆ ಹೋಗಿದ್ದೀರಿ. ಅದು ಒಣಕೊಂಬೆ ಬಿಟ್ಟು ನೆಲಕ್ಕೆ ಎರಗಿ ಹುಳ ಹಿಡಿದದ್ದನ್ನು ನೋಡಿದ್ದರೆ ಬರೆಯಿರಿ. ನಮ್ಮೂರ ಹೊಲದ ತಂತಿಯ ಮೇಲೆ ಕೂರುವ ನೀಲಕಂಠ ಮಾಡುವುದೂ ಅದನ್ನೇ. ಓದುಗರಿಗೆ ಅದು ತಟ್ಟನೆ ಹತ್ತಿರವಾಗುತ್ತದೆ.

ಇನ್ನೊಂದು ಸೆಕ್ರೆಟರಿ ಬರ್ಡ್, ಉದ್ದ ಕಾಲಿನ ಬೇಟೆಹಕ್ಕಿ. ಅದು ಹುಲ್ಲಿನಲ್ಲಿ ನಡೆಯುತ್ತ, ಕಾಲಿನಿಂದ ನೆಲ ಒದ್ದು ಬೇಟೆಯನ್ನು ಎಬ್ಬಿಸುವುದನ್ನು ನೀವು ಬಹಳ ಚೆನ್ನಾಗಿ ಬರೆದಿದ್ದೀರಿ. ಅಲ್ಲಿ ಕ್ಯಾಮೆರಾದ ಮಾತೇ ಇಲ್ಲ, ಕಣ್ಣು ಪೂರ್ತಿ ಹಕ್ಕಿಯ ಮೇಲಿದೆ. ಇಡೀ ಲೇಖನ ಹೀಗಿದ್ದರೆ ನಾನು ಎರಡನೇ ಮಾತಿಲ್ಲದೆ ಒಪ್ಪುತ್ತಿದ್ದೆ.

ಆದರೆ ಅದೇ ಹಕ್ಕಿ ಹಾರುವ ಫೋಟೋ ಬೇಕೆಂದು ದಾರಿ ಬಿಟ್ಟು ಗಾಡಿ ಓಡಿಸಿ ಅದನ್ನು ಎಬ್ಬಿಸಿದೆವು ಎಂದೂ ಬರೆದಿದ್ದೀರಿ. ಆ ಫೋಟೋ ಎಷ್ಟೇ ಚೆನ್ನಾಗಿದ್ದರೂ ನಾವು ಹಾಕುವುದಿಲ್ಲ. ಮಾರಾ ಮೀಸಲು ಪ್ರದೇಶದಲ್ಲಿ ದಾರಿ ಬಿಟ್ಟು ಓಡಿಸುವಂತಿಲ್ಲ. ಸೆಕ್ರೆಟರಿ ಬರ್ಡ್ ಈಗ ಅಳಿವಿನಂಚಿನ ಹಕ್ಕಿಗಳ ಪಟ್ಟಿಯಲ್ಲಿದೆ, ಅದು ಗೂಡು ಕಟ್ಟುವುದು, ಬೇಟೆಯಾಡುವುದು ಅಂಥ ಹುಲ್ಲುಗಾವಲಿನಲ್ಲೇ. ಒಂದು ಫೋಟೋಗಾಗಿ ಅದನ್ನು ಬೆದರಿಸುವುದು ನನಗೆ ಸರಿ ಕಾಣುವುದಿಲ್ಲ.

ಇನ್ನೊಂದು ಮಾತು. ಹಕ್ಕಿಗಳನ್ನೆಲ್ಲ ಮೊದಲು ಕಂಡು ತೋರಿಸಿದ್ದು ನಿಮ್ಮ ಡ್ರೈವರ್ ಅಲ್ವಾ? ಅವರ ಬಗ್ಗೆ ಇರುವುದು ಅರ್ಧ ಸಾಲು. ಬರಿಗಣ್ಣಿನಿಂದ ಅಷ್ಟು ದೂರದ ಹಕ್ಕಿಯನ್ನು ಹೇಗೆ ಗುರುತಿಸುತ್ತಿದ್ದರು, ಏನು ಹೇಳುತ್ತಿದ್ದರು, ನೆನಪಿರುವಷ್ಟು ಬರೆಯಿರಿ.

ತಿದ್ದಿದ ಲೇಖನ ಈಗಿನದರ ಅರ್ಧದಷ್ಟಿರಲಿ. ಜೊತೆಗೆ ನಕುರುವಿನ ಆ ಮರಗಳ ಫೋಟೋ ದೊಡ್ಡ ಅಳತೆಯಲ್ಲಿ, ಕ್ರಾಪ್ ಮಾಡದೆ ಕಳಿಸಿ.