ಗಾಳಿ ಇಲ್ಲದ ಕಡೆ ಉಪಗ್ರಹದ ಕ್ಯಾಮೆರಾ ಕಂಪಿಸುವುದೇಕೆ, ಆ ಚಿತ್ರವನ್ನು ಆಮೇಲೆ ಸರಿಪಡಿಸಬಹುದೇ?

ಗಾಳಿಯೂ ರಸ್ತೆಯೂ ಇಲ್ಲದ ಕಡೆ ಕಂಪನ ಎಲ್ಲಿಂದ ಬರುತ್ತದೆ, ಬಂದರೂ ಚಿತ್ರವನ್ನು ಕಂಪ್ಯೂಟರಿನಲ್ಲಿ ತಿದ್ದಿಕೊಳ್ಳಬಾರದೇಕೆ ಎಂದು ಕೇಳಿದ್ದೀರಿ. ಬೆಂಗಳೂರಿನಲ್ಲಿ ಯಂತ್ರಗಳ ಕಂಪನ ಅಳೆಯುವುದನ್ನೇ ವೃತ್ತಿಯಾಗಿಸಿಕೊಂಡಿರುವ ನನಗೆ ಎರಡನೆಯ ಪ್ರಶ್ನೆಯೇ ಮುಖ್ಯವೆನಿಸುತ್ತದೆ.

ಕಂಪನ ಉಪಗ್ರಹದೊಳಗೇ ಹುಟ್ಟುತ್ತದೆ: ದಿಕ್ಕನ್ನು ಹಿಡಿದಿಡಲು ಸದಾ ತಿರುಗುವ ಚಕ್ರಗಳಾದ ರಿಯಾಕ್ಷನ್ ವೀಲ್‌ಗಳ ಅಸಮತೋಲ, ಅವುಗಳ ಬೇರಿಂಗ್, ಸೌರಫಲಕದ ಮೋಟಾರು, ಅತಿಗೆಂಪು ಕ್ಯಾಮೆರಾಗಳಲ್ಲಾದರೆ ತಂಪುಗೊಳಿಸುವ ಯಂತ್ರದ ಪಿಸ್ಟನ್. 1990ರಲ್ಲಿ ಹಾರಿದ ಹಬಲ್ ದೂರದರ್ಶಕವನ್ನಂತೂ ನೆರಳು–ಬಿಸಿಲಿನ ನಡುವೆ ಬಾಗುತ್ತಿದ್ದ ಸೌರಫಲಕಗಳೇ ಅಲುಗಿಸುತ್ತಿದ್ದವು. 1993ರಲ್ಲಿ ಅವುಗಳನ್ನು ಬದಲಿಸಲಾಯಿತು.

2019ರ ನವೆಂಬರ್‌ನಲ್ಲಿ ಹಾರಿದ, ಭೂಮಿಯ ಚಿತ್ರ ತೆಗೆಯುವ ಭಾರತದ ಉಪಗ್ರಹ ಕಾರ್ಟೊಸ್ಯಾಟ್-3 ಸುಮಾರು 509 ಕಿ.ಮೀ. ಎತ್ತರದಿಂದ ನೆಲದ 25 ಸೆಂ.ಮೀ. ತುಣುಕನ್ನು ಒಂದು ಪಿಕ್ಸೆಲ್ಲಾಗಿ ಕಾಣುತ್ತದೆ. ಆ ಕೋನ ಸುಮಾರು 0.1 ಆರ್ಕ್‌ಸೆಕೆಂಡ್, ಅಂದರೆ ವಿಧಾನಸೌಧದಿಂದ ನೋಡುವಾಗ ಸುಮಾರು 45 ಕಿ.ಮೀ. ದೂರದ ನಂದಿಬೆಟ್ಟದ ಮೇಲಿಟ್ಟ ಒಂದು ರೂಪಾಯಿ ನಾಣ್ಯದ ಅಗಲ. ಕ್ಯಾಮೆರಾ ಅಷ್ಟು ವಾಲಿದರೂ ಚಿತ್ರ ಒಂದು ಪಿಕ್ಸೆಲ್ ಸರಿಯುತ್ತದೆ.

ಆದರೆ ಹಾನಿಯ ಸ್ವರೂಪವನ್ನು ನಿರ್ಧರಿಸುವುದು ಕಂಪನದ ವೇಗ. ಇಷ್ಟು ಸೂಕ್ಷ್ಮ ಚಿತ್ರಕ್ಕೆ ಸಂವೇದಕದ ಒಂದೇ ಸಾಲಿಗೆ ಬೀಳುವ ಬೆಳಕು ಸಾಲದ್ದರಿಂದ, ಟಿಡಿಐ (ಟೈಮ್ ಡಿಲೇ ಇಂಟಿಗ್ರೇಷನ್) ಎಂಬ ಬಗೆಯ ಸಂವೇದಕಗಳು ನೆಲದ ಒಂದೇ ತುಣುಕಿನ ಬೆಳಕನ್ನು ಹಲವು ಸಾಲುಗಳಲ್ಲಿ ಕೂಡಿಸಿಕೊಳ್ಳುತ್ತವೆ. ನೆಲದ ಮೇಲೆ ಸೆಕೆಂಡಿಗೆ 7 ಕಿ.ಮೀ.ಯಂತೆ ಸಾಗುವಾಗ, ಉದಾಹರಣೆಗೆ, 64 ಸಾಲುಗಳಿಗೆ 2.3 ಮಿಲಿಸೆಕೆಂಡ್ ಹಿಡಿಯುತ್ತದೆ. ನಿಮಿಷಕ್ಕೆ 3000 ಸುತ್ತು ತಿರುಗುವ ಚಕ್ರದ 50 ಹರ್ಟ್ಸ್ ಕಂಪನ ಈ ಅವಧಿಗೆ ಹೋಲಿಸಿದರೆ ನಿಧಾನ. ಅದರ ಒಂದು ಆವರ್ತದಲ್ಲಿ ಉಪಗ್ರಹ 140 ಮೀಟರ್ ಮುಂದೆ ಹೋಗಿರುತ್ತದೆ. ಹಾಗಾಗಿ ಉಪಗ್ರಹದ ದಾರಿಯಂತೆಯೇ ಉತ್ತರ–ದಕ್ಷಿಣವಾಗಿ ನೇರ ಸಾಗುವ ಮೆಟ್ರೊ ಹಳಿ ಚಿತ್ರದಲ್ಲಿ 140 ಮೀಟರಿಗೊಮ್ಮೆ ಅಲೆಯಂತೆ ಬಳುಕುತ್ತದೆ. ಈ ಬಳುಕನ್ನು ಅಳೆದು ನೆಟ್ಟಗೆ ಮಾಡಬಹುದು.

1000 ಹರ್ಟ್ಸ್ ಕಂಪನದ ಕಥೆ ಬೇರೆ. ಬೆಳಕು ಕೂಡುತ್ತಿರುವಾಗಲೇ ಅದು ಎರಡು ಬಾರಿ ಓಲಾಡಿ ಮುಗಿಸಿ, ಅಕ್ಕಪಕ್ಕದ ಪಿಕ್ಸೆಲ್‌ಗಳ ಬೆಳಕನ್ನು ಕಲಸಿಬಿಡುತ್ತದೆ. ಇಂಥ ಯಾದೃಚ್ಛಿಕ ಓಲಾಟ ಸರಾಸರಿ 0.1 ಪಿಕ್ಸೆಲ್ ಇದ್ದರೆ ಅತಿ ಸಣ್ಣ ವಿವರಗಳ ಕಾಂಟ್ರಾಸ್ಟ್ ಸುಮಾರು ಶೇ. 5 ಕುಗ್ಗುತ್ತದೆ, 0.5 ಪಿಕ್ಸೆಲ್ ಆದರೆ ಉಳಿಯುವುದೇ ಶೇ. 30ರಷ್ಟು. ಸಾಫ್ಟ್‌ವೇರ್ ಅದನ್ನು ಎತ್ತಿ ತೋರಿಸಲು ಹೊರಟರೆ ಚಿತ್ರದ ಗದ್ದಲವನ್ನೂ (ಬೇಡದ ಚುಕ್ಕೆಗಳನ್ನೂ) ಅಷ್ಟೇ ಎತ್ತುತ್ತದೆ.

ಆದ್ದರಿಂದ ಮದ್ದು ಮೂಲದಲ್ಲೇ ಆಗಬೇಕು. ಚಕ್ರಗಳನ್ನು ಸಮತೋಲಗೊಳಿಸಿ, ಕಂಪನ ತಡೆಯುವ ಆಧಾರಗಳ ಮೇಲೆ ಕೂರಿಸುತ್ತಾರೆ. ಹಾರಿಸುವ ಮುನ್ನ, ರಸ್ತೆ ಸಂಚಾರದ ಅದುರು ತಾಗದಂತೆ ಪ್ರತ್ಯೇಕ ಅಡಿಪಾಯದ ಮೇಲಿಟ್ಟು ಪ್ರತಿಯೊಂದು ವೇಗದಲ್ಲೂ ಅವುಗಳ ಬಲವನ್ನು ಅಳೆಯುತ್ತಾರೆ. ಯಾವ ವೇಗದಲ್ಲಿ ಉಪಗ್ರಹದ ಚೌಕಟ್ಟು ಅನುರಣಿಸಿ ಜೋರಾಗಿ ಅದುರುತ್ತದೆಯೋ, ಚಿತ್ರ ತೆಗೆಯುವಾಗ ಚಕ್ರಗಳು ಆ ವೇಗಕ್ಕೆ ಬಾರದಂತೆ ನೋಡಿಕೊಳ್ಳುತ್ತಾರೆ.