ಹಿಮದ ಗಿಡಕ್ಕ ಗದಗಿನ ಬಿಸಲು ತಡೀತೈತೇನು?

ಪ್ರಶ್ನೆ: ನಮಸ್ಕಾರ್ರಿ ಸರ. ಶಿಗ್ಗಾವಿ ಹತ್ರ ಗೋಟಗೋಡಿ ರಾಕ್ ಗಾರ್ಡನ್ ನೋಡಿ ಬಂದಾಗಿಂದ ಮನ್ಯಾಗೂ ಕಲ್ಲಿನ ತೋಟ ಮಾಡ್ಬೇಕಂತ ಭಾಳ ಆಸೆ ಆಗಿತ್ತು, ಆನ್‌ಲೈನ್‌ದಾಗ ಎಡಲ್ವೈಸ್ ಅನ್ನೂ ಹಿಮದ ಗುಡ್ಡದ ಹೂವಿನ ಬೀಜ ತರಿಸಿ ಹಿತ್ತಲದಾಗ ಎರಿ ಮಣ್ಣಿನ್ಯಾಗ ಕಲ್ಲು ಜೋಡಿಸಿ ಹಾಕಿದ್ದೆ, ನಾಕೈದು ಸಸಿ ಎದ್ದೂವು, ಮಾರ್ಚ್ ಬರೂದ್ರಾಗ ಎಲ್ಲಾ ಕೊಳತು ಹೋದ್ವು. ದಿನಾ ತಪ್ಪದ ನೀರು ಹಾಕೀನಿ. ಏನು ತಪ್ಪಾತು?
– ಓದುಗರೊಬ್ಬರು, ಬೆಟಗೇರಿ

ಉತ್ತರ: ಅಕ್ಕಾರ, ಸಸಿ ಎದ್ದಾವಂದ್ರ ನಿಮ್ಮ ಕೈಗುಣ ಚಲೋನ ಐತಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಗೋಟಗೋಡಿದು ಹಳ್ಳಿ ಬದುಕಿನ ಶಿಲ್ಪದ ತೋಟ, ನೀವು ಹೊಂಟಿದ್ದು ಗಿಡದ ತೋಟಕ್ಕ, ಅದು ಬ್ಯಾರೆನ ಲೆಕ್ಕ. ಎಡಲ್ವೈಸ್ ಆಲ್ಪ್ಸ್ ಪರ್ವತದಾಗ ಸುಮಾರು 1,800ರಿಂದ 3,000 ಮೀಟರ್ ಎತ್ತರದಾಗ ಇರೂ ಗಿಡ, ಚಳಿಗಾಲ ಪೂರ್ತಿ ಹಿಮದ ಕೆಳಗ ಮಲಗಿರ್ತೈತಿ, ಬ್ಯಾಸಿಗ್ಯಾಗೂ ಅಲ್ಲಿ ರಾತ್ರಿ ತಂಪು. ಹಗಲು ಮಾಡಿಟ್ಟ ಆಹಾರ ತಂಪಿನ್ಯಾಗ ಉಳೀತೈತಿ, ನಮ್ಮ ಸೆಕಿ ರಾತ್ರ್ಯಾಗ ಗಿಡ ಅದನ್ನೆಲ್ಲಾ ಉಸಿರಾಟಕ್ಕ ಖರ್ಚು ಮಾಡಿ ಸೊರಗ್ತೈತಿ. ಅದ್ರ ಮ್ಯಾಲೆ ಎರಿ ಮಣ್ಣು ನೀರು ಹಿಡದ್ರ ಬಿಡಂಗಿಲ್ಲ, ಅದಕ್ಕ ದಿನಾ ನೀರು ಬ್ಯಾರೆ, ಬೇರು ಕೊಳೀದ ಏನಾಗ್ತಾವ್ರಿ.

ಜೋಡಿಸಿದ ಕಲ್ಲು ಮಾತ್ರ ಕೆಡವಬ್ಯಾಡ್ರಿ. ಎರಿ ಮಣ್ಣು ಒಂದು ಫುಟ್ ತಗದು ಕೆಳಗ ನಾಕು ಇಂಚು ಇಟ್ಟಂಗಿ ಚೂರು ಹಾಕ್ರಿ, ಮ್ಯಾಲೆ ಎರಡು ಪಾಲು ಗರಸು, ಒಂದು ಪಾಲು ಮಸಾರಿ ಮಣ್ಣು, ಒಂದು ಪಾಲು ದಪ್ಪ ಉಸುಕು, ಒಂದೆರಡು ಹಿಡಿ ಹಳೇ ಗೊಬ್ಬರ ಸಾಕು. ಈ ಹೊಸಾ ಮಣ್ಣು ಸುತ್ತಲಿನ ನೆಲಕ್ಕಿಂತ ಎತ್ತರ ಇರ್ಲಿ, ಇಲ್ಲಾಂದ್ರ ಮಳಿಗಾಲದಾಗ ಆ ಕುಣಿನ ಬಾವಿ ಆಗ್ತೈತಿ. ಕಲ್ಲು ಸುಮ್ನ ಮ್ಯಾಲೆ ಇಡಬ್ಯಾಡ್ರಿ, ಮೂರರಾಗ ಒಂದು ಪಾಲು ಹುಗದು ಸ್ವಲ್ಪ ಹಿಂದಕ್ಕ ವಾಲಿಸ್ರಿ, ಮಳಿ ನೀರು ಹರದು ಬೇರಿನ ಕಡೆ ಇಳೀತೈತಿ, ಕಲ್ಲಿನ ಕೆಳಗ ಮಣ್ಣೂ ತಂಪಿರ್ತೈತಿ. ಗುಡ್ಡದ ಗಿಡ ಬದುಕೂದು ಇದ ಉಪಾಯದ ಮ್ಯಾಲೆ, ನನಗಂತೂ ಇಡೀ ಕೆಲಸದಾಗ ಇದು ಭಾಳ ಇಷ್ಟ.

ಕಲ್ಲಿನ ಸಂದಿನ್ಯಾಗ ಎಡಲ್ವೈಸ್ ಬದ್ಲಿ ನಮ್ಮ ಬಿಸಲು ತಡಿಯೂ ಟೇಬಲ್ ರೋಸ್, ಲೋಳಸರ, ಕಾಡುಬಸಳಿ, ಯುಫೋರ್ಬಿಯಾ, ಅಡೇನಿಯಂ ಹಚ್ರಿ, ಮಧ್ಯಾಹ್ನದ ಬಿಸಲು ತಾಗದ ಕಡೆ ಹಾವರ್ಥಿಯಾ. ಕಪ್ಪತಗುಡ್ಡದಿಂದ ಮಾತ್ರ ಒಂದು ಬೇರೂ ಕಿತ್ತು ತರಬ್ಯಾಡ್ರಿ, 2019ರಾಗ ಅದು ವನ್ಯಜೀವಿಧಾಮ ಆಗೇತಿ, ಆಗಿರಲಿಲ್ಲಾಂದ್ರೂ ತರಬಾರದ ಇತ್ತು. ನರ್ಸರ್‍ಯಾಗ ಎಲ್ಲಾ ಸಿಗ್ತಾವು. ಮಳಿ ನಿಂತ ಮ್ಯಾಲೆ, ಅಕ್ಟೋಬರ್ ಕೊನಿಗೆ ಹಚ್ರಿ, ಬ್ಯಾಸಿಗಿ ಬರೂದ್ರಾಗ ಬೇರು ಹಿಡದಿರ್ತಾವು. ನೀರು ಹಾಕೂ ಮುಂದ ಎರಡು ಇಂಚು ಬೆರಳು ಇಳಿಸಿ ನೋಡ್ರಿ, ಹಸಿ ಹತ್ತಿದ್ರ ಅವತ್ತು ಬ್ಯಾಡ.