ಸ್ವಂತ ಸೂರಿಲ್ಲದವರಿಗೆ ಸೋಲಾರ್ ಹೇಗೆ?

ಅಮೆರಿಕದ ಸಮುದಾಯ ಸೋಲಾರ್ ಕುರಿತ ನಮ್ಮ ಲೇಖನ ಓದಿ ನೀವು ಎರಡು ಪ್ರಶ್ನೆ ಕೇಳಿದ್ದೀರಿ. ಬಾಡಿಗೆ ಮನೆಯಲ್ಲಿರುವ ಬಡವರಿಗೆ ಇದರಿಂದ ಏನು ಲಾಭ? ಪ್ಯಾನೆಲ್ ಕೂರಿಸುವ ತರಬೇತಿ ಕೊಟ್ಟು ಸರ್ಟಿಫಿಕೇಟ್ ಕೈಗಿಟ್ಟರೆ ಹೊಟ್ಟೆ ತುಂಬುತ್ತದೆಯೇ?

ಮೊದಲನೆಯದಕ್ಕೆ ಉತ್ತರ ಸುಲಭ. ಸಮುದಾಯ ಸೋಲಾರ್‌ನಲ್ಲಿ ಪ್ಯಾನೆಲ್‌ಗಳು ಬೇರೆಲ್ಲೋ ಇರುತ್ತವೆ. ಕುಟುಂಬ ಅದರಲ್ಲಿ ಒಂದು ಪಾಲು ಪಡೆಯುತ್ತದೆ. ಆ ಪಾಲಿನ ವಿದ್ಯುತ್ತಿನ ಬೆಲೆ ಮನೆಯ ಕರೆಂಟ್ ಬಿಲ್ಲಿನಿಂದ ಕಡಿತವಾಗುತ್ತದೆ. ಮಾಳಿಗೆಯೂ ಬೇಡ, ಮಾಲೀಕರ ಒಪ್ಪಿಗೆಯೂ ಬೇಡ. ಕೊಲರಾಡೊ ರಾಜ್ಯ 2010ರಲ್ಲೇ ಇದಕ್ಕೆ ಕಾನೂನು ತಂದಿತು.

ಆದರೆ ಪಾಲಿಗೆ ಶುಲ್ಕವೂ ಇರುತ್ತದೆ, ಅಲ್ವಾ? ಅದು ಜಾಸ್ತಿಯಾದರೆ ಉಳಿತಾಯ ಬರೀ ಮಾತಾಗುತ್ತದೆ. ಇಲಿನಾಯ್ ರಾಜ್ಯದ 2016ರ ಕಾನೂನಿನಿಂದ ಹುಟ್ಟಿದ 'ಸೋಲಾರ್ ಫಾರ್ ಆಲ್' ಯೋಜನೆ ನನಗೆ ಇಷ್ಟವಾಗುವುದು ಇದೇ ಕಾರಣಕ್ಕೆ. ಅಲ್ಲಿ ಮುಂಗಡ ಹಣ ಕೇಳುವಂತಿಲ್ಲ. ಉದಾಹರಣೆಗೆ, 40 ಡಾಲರ್ ಬೆಲೆಯ ವಿದ್ಯುತ್ತಿಗೆ ಶುಲ್ಕ 20 ಡಾಲರ್ ದಾಟುವಂತಿಲ್ಲ. ಇನ್ನೊಂದು ತೊಡಕಿದೆ. ಎಷ್ಟೋ ಕಡೆ ಕರೆಂಟ್ ಬಿಲ್ ಒಂದು, ಸೋಲಾರ್ ಬಿಲ್ ಇನ್ನೊಂದು ಬರುತ್ತದೆ. ದುಡಿದು ಸುಸ್ತಾಗಿ ಬಂದವರು ಎರಡನ್ನೂ ತಾಳೆ ನೋಡಬೇಕು. ಎಲ್ಲ ಒಂದೇ ಬಿಲ್ಲಿನಲ್ಲಿ ಬರಬೇಕು ಎಂಬುದು ಸಣ್ಣ ಬೇಡಿಕೆಯಲ್ಲ.

ಎರಡನೇ ಪ್ರಶ್ನೆಯಲ್ಲಿ ನಿಮ್ಮ ಅನುಮಾನ ನ್ಯಾಯವಾದದ್ದೇ. ಸುಮ್ನೆ ಕ್ಲಾಸಿನಲ್ಲಿ ಕೂರಿಸಿದರೆ ಕೆಲಸ ಸಿಗುವುದಿಲ್ಲ. ಕ್ಯಾಲಿಫೋರ್ನಿಯಾದ ಓಕ್‌ಲೆಂಡ್‌ನಲ್ಲಿ 2001ರಲ್ಲಿ ಶುರುವಾದ ಗ್ರಿಡ್ ಆಲ್ಟರ್ನೇಟಿವ್ಸ್ ಸಂಸ್ಥೆ ಕಲಿಯುವವರನ್ನು ನೇರ ಬಡವರ ಮನೆಯ ಮಾಳಿಗೆಗೇ ಹತ್ತಿಸುತ್ತದೆ. ಮೈಗೆ ಸುರಕ್ಷತಾ ಪಟ್ಟಿಗಳನ್ನು (ಹಾರ್ನೆಸ್) ಬಿಗಿಯಬೇಕು. ಮಾಳಿಗೆಯ ಹೊದಿಕೆಯಡಿ ಮರದ ತೊಲೆ ಎಲ್ಲಿದೆ ಎಂದು ಹುಡುಕಿ, ಅದಕ್ಕೇ ಬೋಲ್ಟ್ ಹಾಕಬೇಕು. ತೂತು ಬಿದ್ದಲ್ಲಿ ಮಳೆನೀರು ಇಳಿಯದಂತೆ ಮುಚ್ಚಬೇಕು. ಕಂಪನಿಗಳು ಬಯಸುವುದು ಹೀಗೆ ಪಳಗಿದ ಕೈಯನ್ನೇ.

ಆದರೂ ಪ್ಯಾನೆಲ್ ಕೂರಿಸುವ ಕೆಲಸ ಬೇಗ ಮುಗಿಯುತ್ತದೆ. ಮುಂದಿನ ಯೋಜನೆ ಬಂದರೆ ಮಾತ್ರ ಮುಂದಿನ ಸಂಬಳ. ಅಮೆರಿಕದ ಕೇಂದ್ರ ಸರ್ಕಾರ 2024ರಲ್ಲಿ ಬಡವರಿಗೆ ಸೋಲಾರ್ ಒದಗಿಸಲೆಂದು 60 ಸಂಸ್ಥೆಗಳಿಗೆ 700 ಕೋಟಿ ಡಾಲರ್ ಘೋಷಿಸಿ, 2025ರ ಆಗಸ್ಟ್‌ನಲ್ಲಿ ಆ ಕಾರ್ಯಕ್ರಮವನ್ನೇ ರದ್ದು ಮಾಡಿತು. ಇಂಥ ಹೊಡೆತ ಜೋರಾಗಿ ಬೀಳುವುದು ಈಗಷ್ಟೇ ಕಲಿತು ಹೊರಬಂದವರಿಗೆ. ಅದಕ್ಕೇ ತರಬೇತಿಯ ಹಣ ಒಂದು ಕಡೆ, ಕಾಮಗಾರಿಯ ಹಣ ಇನ್ನೊಂದು ಕಡೆ ಇರಬಾರದು. ಸಹಾಯಧನ ಪಡೆಯುವ ಕಂಪನಿ ಇಷ್ಟು ಮಂದಿ ಕಲಿತವರಿಗೆ ಸಂಬಳದ ಕೆಲಸ ಕೊಡಲೇಬೇಕು ಎಂಬ ಷರತ್ತು ಕರಾರಿನಲ್ಲೇ ಇರಬೇಕು. ಯಾವುದೇ ಯೋಜನೆಯ ಬಗ್ಗೆ ಓದುವಾಗ ನಾನು ಮೊದಲು ಹುಡುಕುವುದು ಆ ಒಂದು ಸಾಲನ್ನೇ.

— ಸಂಪಾದಕ